ಎಡಗೈ ಮೇಲಿರಬೇಕಿತ್ತು

ದಾನೇಶ್ವರಿಯ ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವಳ ಹೆಬ್ಬೆರಳುಗಳು. ನಮ್ಮ ಕಾಲೇಜಿಗೆ ಬರುವ ಮಕ್ಕಳ ಹೆಬ್ಬೆರಳು ಒಂದೇ ವಾರದಲ್ಲಿ ಕೈ ಕೊಡುತ್ತವೆ. ಮೊಬೈಲ್ ಒತ್ತಿ ಬೆಳೆದ ಬೆರಳುಗಳು, ಪಾಪ, ರೋಗಿಯ ಬೆನ್ನಿನ ಮೇಲಿಟ್ಟು ಒತ್ತು ಅಂದರೆ ಹಿಂದಕ್ಕೆ ಬಾಗಿಬಿಡುತ್ತವೆ. ದಾನೇಶ್ವರಿಯದು ಹಾಗಲ್ಲ. ಅವಳ ತಾಯಿ ಚನ್ನಕ್ಕ ದಾಸರಹಳ್ಳಿಯ ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಹತ್ತನೇ ವಯಸ್ಸಿನಿಂದ ತಾಯಿಯ ಜೊತೆ ಕೂತು ರೊಟ್ಟಿ ಬಡಿದ ಕೈ ಅದು. ಎಲ್ಲಿ ಒತ್ತಬೇಕು, ಎಲ್ಲಿ ಹಗುರ ಬಿಡಬೇಕು ಅನ್ನುವುದು ಅವಳಿಗೆ ಪುಸ್ತಕ ತೆರೆಯುವ ಮೊದಲೇ ಗೊತ್ತಿತ್ತು.

ನಾನು ನಿವೇದಿತಾ. ತುಮಕೂರು ರಸ್ತೆಯ ಒಂದು ಫಿಸಿಯೋಥೆರಪಿ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಬಿಗಿದ ಕೀಲುಗಳನ್ನು ಬರಿಗೈಯಿಂದ ಸಡಿಲಿಸುವ ವಿದ್ಯೆ ನನ್ನ ವಿಷಯ. ಹುಡುಗರು ನನ್ನನ್ನು ಬೆನ್ನ ಹಿಂದೆ ಮೆಣಸಿನಕಾಯಿ ಮೇಡಂ ಅನ್ನುತ್ತಾರೆ. ಅನ್ನಲಿ. ಸುಮ್ಮನೆ ಹೊಗಳಿ ಹೊಗಳಿ ಯಾರ ಕೈಯನ್ನೂ ತಿದ್ದುವುದಕ್ಕಾಗುವುದಿಲ್ಲ.

ಈ ವಿದ್ಯೆಯನ್ನು ಹೇಳಿಕೊಡುವುದು ಕಷ್ಟ. ಭುಜ ಅಂದರೆ ಬಟ್ಟಲಲ್ಲಿ ಕೂತ ಒಂದು ಗುಂಡು. ಆ ಗುಂಡನ್ನು ಕೂದಲೆಳೆಯಷ್ಟು ಕೆಳಗೆ ಜಾರಿಸಬೇಕು, ಬಿಡಬೇಕು, ಮತ್ತೆ ಜಾರಿಸಬೇಕು. ಒತ್ತಡಕ್ಕೆ ನಾಲ್ಕು ಗ್ರೇಡು. ಮೊದಲನೆಯದರಲ್ಲಿ ರೋಗಿಗೆ ನಾವು ಮುಟ್ಟಿದ್ದೇ ಗೊತ್ತಾಗಬಾರದು. ನಾಲ್ಕನೆಯದರಲ್ಲಿ ಕೀಲು ಎಲ್ಲಿ ಬಿಗಿದು ನಿಂತಿದೆಯೋ ಅಲ್ಲಿಗೇ ಹೋಗಿ ಸಣ್ಣಗೆ ತಟ್ಟಬೇಕು. ಮಕ್ಕಳು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತಾರೆ. ಆದರೆ ಇಪ್ಪತ್ತು ವರ್ಷದ ಭುಜ ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ತಿರುಗುತ್ತದೆ. ಬಿಗಿತ ಅಂದರೇನು ಅನ್ನುವುದು ಕೈಗೆ ತಿಳಿಯುವುದೇ ಇಲ್ಲ. ಅದಕ್ಕೆ ಕೊನೆಯ ವರ್ಷದ ಪ್ರತಿಯೊಬ್ಬರೂ ಒಬ್ಬ ನಿಜವಾದ ರೋಗಿಯನ್ನು ಎಂಟು ವಾರ ನೋಡಿಕೊಂಡು, ಕೈ ಎಷ್ಟು ಡಿಗ್ರಿ ಎದ್ದಿತು ಅಂತ ವಾರವಾರ ಅಳೆದು, ಲಾಗ್ ಬುಕ್ಕಿನಲ್ಲಿ ಬರೆಯಬೇಕು. ರೋಗಿಯನ್ನು ವಾರಕ್ಕೊಮ್ಮೆ ನನ್ನ ಮುಂದೆ ಕರೆತರಬೇಕು ಅನ್ನುವುದು ನನ್ನದೇ ಕಾನೂನು.

"ನಮ್ಮಪ್ಪನ್ನೇ ತಗೊಳ್ಲಾ ಮೇಡಂ?" ಅಂದಳು ದಾನೇಶ್ವರಿ. "ಎಡಗಡೆ ಫ್ರೋಜನ್ ಶೋಲ್ಡರ್. ಆದ್ರೆ ವಾರದ ದಿನ ರಜಾ ಸಿಗಲ್ಲ, ಭಾನುವಾರ ನಮ್ಮ ಓಪಿಡಿ ಇರಲ್ಲ. ಮನೇಲೇ ಮಾಡ್ತೀನಿ."

ಒಳ್ಳೆ ಕೈಯ ಹುಡುಗಿ ಅಂತ ನಾನು ಒಪ್ಪಿಬಿಟ್ಟೆ. ಬೇರೆ ಯಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದೆ.

ಅವಳ ತಂದೆ ಸಂಗಣ್ಣ ಹುನಗುಂದದ ಕಡೆಯವರು. ದಾನೇಶ್ವರಿಗೆ ಆರು ವರ್ಷವಿದ್ದಾಗ ಸಂಸಾರ ಕಟ್ಟಿಕೊಂಡು ಬಂದು, ಅಂದಿನಿಂದ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಪ್ರೆಸ್ ಮಷೀನಿನ ಮುಂದೆ ನಿಂತವರು. ತಗಡು ಇಟ್ಟು, ಮೇಲಿನಿಂದ ಅಚ್ಚು ಬಂದು ಗುದ್ದಿ, ತುಂಡು ಹೊರಗೆ ತೆಗೆಯುವ ಕೆಲಸ. ಆ ಮಷೀನಿನ ಎರಡೂ ಬದಿಗೆ, ತಲೆಗಿಂತ ಗೇಣು ಎತ್ತರದಲ್ಲಿ, ಒಂದೊಂದು ಹಸಿರು ಬಟನ್ನು. ಎರಡು ಕೈಯಲ್ಲೂ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗೆ ಬರುತ್ತದೆ. ಎರಡೂ ಕೈ ಮೇಲಿದ್ದರೆ ಬೆರಳು ಅಚ್ಚಿನ ಕೆಳಗೆ ಸಿಕ್ಕುವ ಮಾತಿಲ್ಲ. ಸಂಗಣ್ಣ ಕುಳ್ಳ ಮನುಷ್ಯ. ಕಾಲ ಕೆಳಗೆ ಮರದ ಹಲಗೆ ಹಾಕಿಕೊಂಡು ನಿಂತರೂ ಆ ಬಟನ್ನಿಗೆ ಕೈ ನೂರ ಮೂವತ್ತು ಡಿಗ್ರಿ ಏಳಬೇಕು. ಎಡಗೈ ಏಳುತ್ತಿದ್ದದ್ದು ಎಂಬತ್ತೈದು.

ಸೂಪರ್‌ವೈಸರ್ ಅವರನ್ನು ಪ್ರೆಸ್ಸಿನಿಂದ ತೆಗೆದು, ಕೂತು ಅಂಚು ಉಜ್ಜುವ ಕೆಲಸಕ್ಕೆ ಹಾಕಿದ್ದ. ಅದೂ ಎರಡು ತಿಂಗಳ ಮಟ್ಟಿಗೆ. "ಕೈ ಮೇಲೆ ಹೋದ್ರೆ ಪ್ರೆಸ್ಸು, ಇಲ್ದಿದ್ರೆ ಊರಿಗ್ ಹೊರಡಪ್ಪ" ಅಂದಿದ್ದನಂತೆ. ಐವತ್ತೆರಡು ವರ್ಷದ ಕಾಂಟ್ರಾಕ್ಟ್ ಕೆಲಸಗಾರನಿಗೆ ಇನ್ನೊಂದು ಶೆಡ್ಡು ಸಿಗುವುದು ದೂರದ ಮಾತು. ಆ ನಲವತ್ತೈದು ಡಿಗ್ರಿಯ ಮೇಲೆ ದಾಸರಹಳ್ಳಿಯ ಆ ಒಂದು ಕೋಣೆಯ ಸಂಸಾರ ನಿಂತಿತ್ತು. ದಾನೇಶ್ವರಿ ಇದನ್ನೆಲ್ಲ ನನಗೆ ಒಂದೇ ಉಸಿರಿನಲ್ಲಿ ಹೇಳಿದ್ದಳು.

ಸಂಜೆ ಸಂಗಣ್ಣ ಕೆಲಸದಿಂದ ಬಂದು ಕೈಕಾಲು ತೊಳೆದ ಮೇಲೆ ಮಗಳ ಚಿಕಿತ್ಸೆ. ಚನ್ನಕ್ಕ ಆ ಕಡೆ ರೊಟ್ಟಿ ಬಡಿಯುತ್ತಿದ್ದಳು, ಮಗಳು ಈ ಕಡೆ ಚಾಪೆಯ ಮೇಲೆ ಅಪ್ಪನ ಭುಜ ಹಿಡಿಯುತ್ತಿದ್ದಳು. ಅವಳು ನನಗೆ ಹೇಳದೇ ಇದ್ದ ವಿಷಯ ಒಂದಿತ್ತು. ಸಂಗಣ್ಣ ಅಂಗಿ ಬಿಚ್ಚುತ್ತಿರಲಿಲ್ಲ. ಬೆಳೆದ ಮಗಳ ಮುಂದೆ ಬರಿಮೈಯಲ್ಲಿ ಕೂರುವುದು ಅವರ ಮನೆಯಲ್ಲಿ ಇಲ್ಲ. ಮಗಳು ಅಪ್ಪನ ಕಂಕುಳಿಗೆ ಕೈ ಹಾಕುವುದೇ ದೊಡ್ಡ ಮಾತಾಗಿತ್ತು. ಅವರು ಆ ಹೊತ್ತಿಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರಂತೆ. ಇನ್ನು ಅಂಗಿ ಬಿಚ್ಚು ಅಂತ ಅವಳು ಹೇಗೆ ಹೇಳಿಯಾಳು?

ಅಂಗಿ ಬಿಚ್ಚಿಸದೆ ಭುಜ ಅಳೆಯಬಾರದು. ಇದನ್ನು ನಾನು ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುತ್ತೇನೆ. ಬೆನ್ನಿನ ಮೇಲ್ಭಾಗದಲ್ಲಿ ಒಂದು ಅಗಲವಾದ ಮೂಳೆ ಇದೆ, ಅದೇ ಹೆಗಲ ಹಲಗೆ. ಬಿಗಿದ ಭುಜದವನು ಕೈ ಎತ್ತು ಅಂದಾಗ ಕೀಲನ್ನು ಬಿಟ್ಟು ಆ ಹಲಗೆಯನ್ನೇ ಎತ್ತುತ್ತಾನೆ, ಸೊಂಟವನ್ನು ಪಕ್ಕಕ್ಕೆ ಬಾಗಿಸುತ್ತಾನೆ. ನೋಡುವವರಿಗೆ ಕೈ ಮೇಲೆ ಹೋದಂತೆ ಕಾಣುತ್ತದೆ. ಕೀಲು ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಕೈಯಲ್ಲಿ ಆ ಹಲಗೆಯನ್ನು ಒತ್ತಿ ಹಿಡಿದು ಅಳೆದರೆ ಮಾತ್ರ ನಿಜ ಸಂಖ್ಯೆ ಸಿಗುತ್ತದೆ.

ಲಾಗ್ ಬುಕ್ಕು ಶನಿವಾರ ಶನಿವಾರ ನನ್ನ ಮೇಜಿಗೆ ಬರುತ್ತಿತ್ತು. ಎಂಬತ್ತೈದು, ತೊಂಬತ್ತೈದು, ನೂರಾ ಐದು. ವಾರಕ್ಕೆ ಹತ್ತು, ತಪ್ಪದೆ ಹತ್ತು. ಹೆಪ್ಪುಗಟ್ಟಿದ ಭುಜ ಯಾವತ್ತೂ ಹಾಗೆ ಏರುವುದಿಲ್ಲ. ಎರಡು ವಾರ ಏನೂ ಆಗದೆ ನಮ್ಮನ್ನು ಗೋಳು ಹೊಯ್ದುಕೊಳ್ಳುತ್ತದೆ, ಆಮೇಲೆ ಒಂದಿಷ್ಟು ಬಿಡುತ್ತದೆ, ಮತ್ತೆ ಮೊಂಡು ಹಿಡಿಯುತ್ತದೆ. ಹದಿನೆಂಟು ವರ್ಷ ಇದನ್ನೇ ನೋಡಿದವಳು ನಾನು. ಆದರೂ ಸಹಿ ಹಾಕಿದೆ. ಎಂಟನೇ ವಾರ ನೂರ ಐವತ್ತೈದು ಬಂತು. ಆ ಗ್ರಾಫನ್ನು ಪರದೆಯ ಮೇಲೆ ಹಾಕಿಸಿ, ಎಲ್ಲ ವರ್ಷದ ಮಕ್ಕಳನ್ನೂ ಕೂರಿಸಿ, "ನೋಡ್ಕೊಳ್ರಪ್ಪಾ, ಕೈ ಅಂದ್ರೆ ಇದು" ಅಂದೆ. ದಾನೇಶ್ವರಿ ತಲೆ ತಗ್ಗಿಸಿಕೊಂಡು ನಿಂತಿದ್ದಳು. ನಾಚಿಕೆ ಅಂದುಕೊಂಡೆ.

ಸಂಗಣ್ಣ ಪ್ರೆಸ್ಸಿಗೆ ವಾಪಸ್ಸಾದರು. ಸೂಪರ್‌ವೈಸರ್ ಮುಂದೆ ಹಲಗೆಯ ಮೇಲೆ ನಿಂತು, ಸೊಂಟ ಬಾಗಿಸಿ, ಎರಡೂ ಬಟನ್ನು ಒತ್ತಿ ತೋರಿಸಿದರಂತೆ. ಚನ್ನಕ್ಕ ಖುಷಿಗೆ ನನಗೊಂದು ಡಬ್ಬಿ ಶೇಂಗಾ ಉಂಡೆ ಕಳಿಸಿದ್ದಳು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿ ತಿಂದೆ.

ಹತ್ತೊಂಬತ್ತು ದಿನ ಕಳೆದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓಪಿಡಿಯಲ್ಲಿ ದಾನೇಶ್ವರಿ ಒಬ್ಬ ಅಜ್ಜಿಯ ಮಂಡಿ ನೋಡುತ್ತಿದ್ದಳು. ಅವಳ ಫೋನು ಬಡಿದುಕೊಂಡಿತು. ಓಪಿಡಿಯಲ್ಲಿ ಫೋನ್ ಎತ್ತಿದರೆ ನಾನು ಉರಿದು ಬೀಳುತ್ತೇನೆ ಅಂತ ಗೊತ್ತಿದ್ದೂ ಎತ್ತಿದಳು. ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕೇಳಿದ್ದು ಒಂದೇ ಮಾತು.

"ಯಾವ ಕೈ?"

ಆಮೇಲೆ ನನ್ನ ಕಡೆ ತಿರುಗಿದಳು. ಫೋನು ಕಿವಿಯಲ್ಲೇ ಇತ್ತು. "ಎಡಗೈ ಅಂತೆ ಮೇಡಂ. ಮೂರು ಬೆರಳು ಹೋಯ್ತಂತೆ" ಅಂದಳು. ಫೋನು ಕೆಳಗಿಟ್ಟು, ನನಗೆ ಲೆಕ್ಕ ಒಪ್ಪಿಸುವವಳ ಹಾಗೆ, "ಎಡಗೈ ಮೇಲಿರಬೇಕಿತ್ತು" ಅಂದಳು.

ಮುಂದಿನದು ಸಂಗಣ್ಣನ ಜೊತೆ ಕೆಲಸ ಮಾಡುವ ಹನುಮೇಶ ಆಸ್ಪತ್ರೆಯ ವರಾಂಡದಲ್ಲಿ ಹೇಳಿದ್ದು. ಸೊಂಟ ಬಾಗಿಸಿ ಒಂದು ಸಲ ಒತ್ತಬಹುದು, ಹತ್ತು ಸಲ ಒತ್ತಬಹುದು. ಶಿಫ್ಟಿಗೆ ಎರಡು ಸಾವಿರ ಸಲ ಆಗುತ್ತದೆಯೇ? ಮೂರನೇ ದಿನವೇ ಸಂಗಣ್ಣ ಎಡಗಡೆಯ ಬಟನ್ನಿಗೆ ಮರದ ಚಕ್ಕೆ ಸಿಕ್ಕಿಸಿ ಮೇಲೆ ಕರಿ ಟೇಪು ಸುತ್ತಿದ್ದರು. ಹಳೇ ಮಷೀನು, ಬಟನ್ನು ಒತ್ತಿಯೇ ಇದೆ ಅಂದುಕೊಂಡು ಅದು ಬಲಗೈ ಒಂದಕ್ಕೇ ಓಡುತ್ತಿತ್ತು. ಎಡಗೈ ಕೆಳಗಿದ್ದು ತಗಡು ಸರಿಪಡಿಸುತ್ತಿತ್ತು. "ಎಲ್ರೂ ಮಾಡ್ತೀವ್ರಿ ಮೇಡಂ, ಕೆಲ್ಸ ಜಲ್ದಿ ಆಗ್ಲಿ ಅಂತ. ಸಂಗಣ್ಣ ಮಾತ್ರ ಎಂದೂ ಮಾಡಿದಾಂವಲ್ಲ. ಭಾಳ ಹೆದ್ರತಿದ್ದ" ಅಂದ ಹನುಮೇಶ. ಶೆಡ್ಡಿನವರು ಕೆಲಸಗಾರನ ಅಜಾಗರೂಕತೆ ಅಂತ ಬರೆದುಕೊಂಡು ಕೈ ತೊಳೆದುಕೊಂಡರು. ಯಾರ ಅಜಾಗರೂಕತೆ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಲಾಗ್ ಬುಕ್ಕಿನಲ್ಲಿ ನನ್ನ ಎಂಟು ಸಹಿಗಳಿದ್ದವು.

ದಾನೇಶ್ವರಿ ಕಾಲೇಜಿಗೆ ಬರುವುದನ್ನು ಬಿಟ್ಟಳು. ನಾಲ್ಕನೇ ವಾರ ನಾನೇ ಅವರ ಮನೆ ಹುಡುಕಿಕೊಂಡು ಹೋದೆ. ಮೂರನೇ ಮಹಡಿಯ ಕೋಣೆ, ಬಾಗಿಲಲ್ಲೇ ಹಿಟ್ಟಿನ ಚೀಲ. ಸಂಗಣ್ಣ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಗೋಡೆಗೆ ಒರಗಿದ್ದರು, ನನ್ನನ್ನು ಕಂಡು ಎದ್ದು ನಿಲ್ಲಲು ಹೋದರು. ಚನ್ನಕ್ಕ ಚಹಾ ಕೊಟ್ಟು ಸೆರಗಿನಿಂದ ಮೂಗು ಒರೆಸಿಕೊಂಡಳು. ದಾನೇಶ್ವರಿ ತಾಯಿಯ ಜಾಗದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಆಗ ಯೋಚಿಸಲಿಲ್ಲ. "ನೀನು ಇಲ್ಲಿ ಕೂತ್ಕೊಂಡ್ರೆ ಅವ್ರ ಬೆರಳು ಬರತ್ತೇನೇ?" ಅಂದುಬಿಟ್ಟೆ. ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಇಂಥ ಮಾತನ್ನು ಆ ಮನೆಯಲ್ಲಿ ಆಡಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಸಂಗಣ್ಣನೇ ಮಾತು ತಿರುಗಿಸಿದರು. "ಹೋಗವಾ ದಾನವ್ವಾ, ಮೇಡಮ್ಮೋರು ಇಷ್ಟು ದೂರ ಬಂದಾರ. ಸಾಲಿ ಬಿಡಬ್ಯಾಡ" ಅಂದರು.

ಅವಳು ಬಂದಳು. ಎರಡು ತಿಂಗಳ ಮೇಲೆ ಸಂಗಣ್ಣನೂ ಬಂದರು, ಈ ಸಲ ನಮ್ಮ ಓಪಿಡಿಗೇ. ಉಳಿದ ಎರಡು ಬೆರಳು ಬಿಗಿದು ಹೋಗಿದ್ದವು. ಕೆಲಸ ಇಲ್ಲದ್ದರಿಂದ ವಾರದ ದಿನವೂ ಬರುವುದಕ್ಕೆ ಅಡ್ಡಿಯಿರಲಿಲ್ಲ. ಬೆರಳು ನೋಡುವ ಮೊದಲು ಭುಜ ನೋಡೋಣ ಅಂದೆ. ಬೇರೆ ವಿದ್ಯಾರ್ಥಿಯನ್ನು ಕರೆಯಬಹುದಿತ್ತು. ದಾನೇಶ್ವರಿ "ನಾನೇ ಅಳಿತೀನಿ ಮೇಡಂ" ಅಂದಳು.

ಪರದೆ ಎಳೆದೆವು. "ಅಪ್ಪಾ, ಅಂಗಿ ತೆಗಿಯಪ್ಪಾ" ಅಂದಳು. ಸಂಗಣ್ಣ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಎರಡು ಬೆರಳಿನ ಕೈಗೆ ಗುಂಡಿ ಸಿಗಲಿಲ್ಲ. ಬಲಗೈಯಿಂದ ಎರಡು ಗುಂಡಿ ಬಿಚ್ಚಿದರು, ಉಳಿದದ್ದನ್ನು ಮಗಳು ಬಿಚ್ಚಿದಳು. ಬೆನ್ನು ಸಣ್ಣದಾಗಿತ್ತು, ಎಡಗಡೆಯ ಹೆಗಲು ಬಲಗಡೆಗಿಂತ ಮೇಲಕ್ಕೆ ಎದ್ದು ಕೂತಿತ್ತು. ಹಿಂದಿನಿಂದ ನೋಡಿದ್ದರೆ ಮೊದಲ ವರ್ಷದ ಮಕ್ಕಳಿಗೂ ತಿಳಿಯುವಂಥದ್ದು.

ದಾನೇಶ್ವರಿ ಎಡ ಅಂಗೈಯನ್ನು ಅಪ್ಪನ ಹೆಗಲ ಹಲಗೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದಳು. ಕೈ ಎತ್ತು ಅಂದಳು. ಎತ್ತಿದರು. ಕೋನ ಅಳೆಯುವ ಪಟ್ಟಿ ಇಟ್ಟು ಓದಿದಳು, ಮತ್ತೊಂದು ಸಲ ಓದಿದಳು.

"ಎಷ್ಟಾತವಾ?" ಅಂದರು ಸಂಗಣ್ಣ.

"ತೊಂಬತ್ತೆರಡು."

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹೂಂ. ಮೊದ್ಲೂ ಅಷ್ಟ ಇರಬೇಕು" ಅಂದರು. ಆಮೇಲೆ ತಿರುಗಿ ಮಗಳನ್ನು ನೋಡಿ, ಬೈಗುಳದ ಸುಳಿವೂ ಇಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವವರ ಹಾಗೆ ಕೇಳಿದರು. "ನಿನಗ ಗೊತ್ತಿರ್ಲಿಲ್ಲೇನವಾ? ನಿನ್ನ ಬುಕ್ಕಿಗೆ ಬೇಕಾಗೇತಿ ಅಂತ ನಾ ಸೊಂಟ ಬಗ್ಗಿಸಿ ಎತ್ತತಿದ್ದೆ. ಗೊತ್ತಿದ್ದ ಬರಕೊಳ್ಳಾಕತ್ತೀ ಅಂದ್ಕೊಂಡಿದ್ದೆ."

ದಾನೇಶ್ವರಿ ಪಟ್ಟಿಯನ್ನು ಮಂಚದ ಮೇಲಿಟ್ಟಳು. ಅವಳ ಕೈ ಇನ್ನೂ ಅವರ ಬೆನ್ನ ಮೇಲಿತ್ತು.

"ಗೊತ್ತಿತ್ತಪ್ಪಾ" ಅಂದಳು. "ನೀ ಪ್ರೆಸ್ಸಿಗೆ ಹೋಗ್ಲಿ ಅಂತ..."

ನನಗೂ ಗೊತ್ತಿತ್ತು ಅಂತ ನಾನು ಹೇಳಬೇಕಿತ್ತು. ಮೆಣಸಿನಕಾಯಿ ಮೇಡಂ ಪರದೆಯ ಅಂಚು ಹಿಡಿದುಕೊಂಡು ನಿಂತಿದ್ದಳು ಅಷ್ಟೇ.

ಸಂಗಣ್ಣ ತಲೆಯಾಡಿಸಿದರು. "ಆತು ಬಿಡು. ಮಾಡು" ಅಂದು ಮಂಚದ ಮೇಲೆ ಮಲಗಿದರು. ದಾನೇಶ್ವರಿ ಕಣ್ಣೊರೆಸಿಕೊಂಡು ಅವರ ಕಂಕುಳಿಗೆ ಕೈ ಕೊಟ್ಟು ಗುಂಡನ್ನು ಕೆಳಗೆ ಜಾರಿಸಿದಳು. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳಲಿಲ್ಲ.

"ನೋಯ್ತೈತೇನಪ್ಪಾ?"

ಎಂಟು ವಾರ ದಿನಾ ಸಂಜೆ ಇದೇ ಪ್ರಶ್ನೆಗೆ ಇಲ್ಲ ಅಂದಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡರು.

"ಹೂಂ ಯವ್ವಾ" ಅಂದರು. "ಭಾಳ ನೋಯ್ತೈತಿ."

ಅವಳು ಕೈ ಹಗುರ ಮಾಡಿ, ಮೊದಲನೇ ಗ್ರೇಡಿನಿಂದ ಶುರು ಮಾಡಿದಳು.