ವೈನಿಯ ಮುಷ್ಟಿಯಲ್ಲಿ ಉಳಿದದ್ದು

ಆ ಬೆಳಿಗ್ಗೆ ಕಂಡದ್ದನ್ನು ನಾನು ಹಲವರ ಮುಂದೆ ಹೇಳಿದ್ದೇನೆ. ಠಾಣೆಯ ಫೌಜದಾರರ ಮುಂದೆ, ನನ್ನ ಹೇಳಿಕೆಯನ್ನು, ಅಂದರೆ ಜಬಾಬನ್ನು, ಬರೆದುಕೊಂಡ ಮಹಿಳಾ ಹವಾಲ್ದಾರರ ಮುಂದೆ, ಸರಕಾರಿ ವಕೀಲರ ಮುಂದೆ, ಕೊನೆಗೆ ಸಾಕ್ಷಿಕಟ್ಟೆಯಲ್ಲಿ ನಿಂತು. ಪ್ರತಿ ಸಲವೂ ಮರಾಠಿಯಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳುತ್ತಿರುವುದು ಇದೇ ಮೊದಲು. ನಡೆದದ್ದು ಮಾತ್ರ ಕನ್ನಡ ಮಾತಿನ ನಡುವೆಯೇ.

ಈ ಮರಾಠಿ ಊರಿನ ಕೋಥರೂಡ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ಅವರ ಬಾಗಿಲು. ಬೆಳಗಾವಿ ಕಡೆಯವರು, ನನಗಿಂತ ಬಹಳ ಹಿರಿಯರು. ಸಂಬಂಧವೇನೂ ಇರಲಿಲ್ಲ. ನಾನು ಧಾರವಾಡದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಏನೆಂದು ಕರೆಯಲಿ ಎಂದು ತಡವರಿಸಿದಾಗ ಅವರೇ, "ವೈನಿ ಅನ್ನು. ಕಾಕು ಅಂದ್ರ ನಾ ಓ ಅನ್ನೂದಿಲ್ಲ, ಅಷ್ಟ ಮುದುಕಿ ಆಗಿಲ್ಲ" ಎಂದಿದ್ದರು. ವೈನಿ ಎಂದರೆ ಅಣ್ಣನ ಹೆಂಡತಿ, ಹಾಗಾಗಿ ಅವರ ಗಂಡ ನನಗೆ ಅಣ್ಣಾವರಾದರು. ಅಣ್ಣಾವರಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅವರನ್ನು ಬಾಲ್ಕನಿಯ ಕುರ್ಚಿಯಲ್ಲಿ ಕೂರಿಸಿ, ಚಹಾ ಕುಡಿಸಿ, ವೈನಿ ನನ್ನ ಬಾಗಿಲು ಬಡಿಯುತ್ತಿದ್ದರು. ದಿನದಲ್ಲಿ ಅವರು ತಮಗಾಗಿ ಹೊರಗೆ ಬರುತ್ತಿದ್ದುದು ಆ ಬೆಳಗಿನ ತಿರುಗಾಟಕ್ಕೆ ಮಾತ್ರ.

ಅಂದು ನಾವು ಮೆಂತೆ ಹಿಟ್ಟಿನ ಬಗ್ಗೆ ಮಾತಾಡುತ್ತಿದ್ದೆವು. "ನಿಮ್ಮ ಧಾರವಾಡದವರು ಸಾರಿಗೂ ಬೆಲ್ಲಾ, ಪಲ್ಯಾಕೂ ಬೆಲ್ಲಾ. ಹಿಟ್ಟಿಗರ ಬ್ಯಾಡೇನ, ಅದಕ್ಕೂ ಒಂದ ಮುಷ್ಟಿ..." ಎಂದರು. ಮುಂದಿನ ಮಾತು ಬರಲಿಲ್ಲ. ಹಿಂದಿನಿಂದ ಬೈಕಿನ ಸದ್ದು ಹತ್ತಿರವಾಗಿದ್ದು ನನಗೆ ಕೇಳಿಸಿತ್ತು, ಆದರೆ ಆ ರಸ್ತೆಯಲ್ಲಿ ಬೈಕಿನ ಸದ್ದು ಯಾವಾಗ ಇರುವುದಿಲ್ಲ? ಹಿಂದೆ ಕುಳಿತವನ ಕೈ ಚಾಚಿ ವೈನಿಯ ಕೊರಳಿಗೆ ಬಂತು. ಕೈಯಲ್ಲಿ ಉಕ್ಕಿನ ಬಳೆ ಇತ್ತು. ವೈನಿ ಒಮ್ಮೆ ಆ ಎಳೆತಕ್ಕೆ ಅವನ ಕಡೆಗೇ ವಾಲಿ, ಆಮೇಲೆ ರಸ್ತೆಯ ಮೇಲೆ ಕುಸಿದರು. ಬೈಕಿನ ಮೇಲಿದ್ದ ಇಬ್ಬರ ತಲೆಗೂ ಹೆಲ್ಮೆಟ್ ಇತ್ತು. ಮುಖಗಳು ನನಗೆ ಕಾಣಲಿಲ್ಲ. ಈ ಕೊನೆಯ ಮಾತನ್ನು ನಾನು ಮುಂದೆ ಪದೇ ಪದೇ ಹೇಳಬೇಕಾಯಿತು.

ವೈನಿ ಕೂಗಿದ್ದು "ಕಳ್ಳ, ಕಳ್ಳ" ಎಂದಲ್ಲ. "ಮಣಿ ತುಳೀಬ್ಯಾಡ್ರಿ! ಯಾರೂ ಮಣಿ ತುಳೀಬ್ಯಾಡ್ರಿ!" ಎಂದು ಕೂಗಿದರು. ಕೊರಳ ಪಕ್ಕ ಕೆಂಪು ಗೆರೆ ಎದ್ದು ರಕ್ತ ಜಿನುಗುತ್ತಿತ್ತು. ಸುತ್ತ ಕರಿಮಣಿಗಳು ಚೆಲ್ಲಿದ್ದವು. ಸೇರಿದವರೆಲ್ಲ ಮರಾಠಿಗರು, ಆದರೂ ಒಬ್ಬರೂ ಕಾಲು ಮುಂದಿಡಲಿಲ್ಲ. ಹೂವಿನಾಕೆ ಬುಟ್ಟಿ ಇಳಿಸಿ ಮಂಡಿಯೂರಿದಳು. ನಾನೂ ಕೂತೆ. ಡಾಂಬರಿನ ಸಂದಿಯಿಂದ ಉಗುರಿನಲ್ಲಿ ಒಂದೊಂದೇ ಮಣಿ ಎತ್ತಿ ವೈನಿಯ ಸೆರಗಿಗೆ ಹಾಕಿದೆವು. ಪೊಲೀಸರ ಗಾಡಿ ಬರುವ ಹೊತ್ತಿಗೆ ರಸ್ತೆ ಒರೆಸಿಟ್ಟ ಹಾಗೆ ಸ್ವಚ್ಛವಾಗಿತ್ತು.

ಫೌಜದಾರರು ಚಿಕ್ಕ ವಯಸ್ಸಿನವರು. ರಸ್ತೆ ನೋಡಿದರು, ಸೆರಗು ನೋಡಿದರು. "ಕಶಾಲಾ ಹಾತ ಲಾವಲಾ, ಮಾವಶೀ?" ಎಂದು ಕೇಳಿದ ದನಿಯಲ್ಲಿ ಸಿಟ್ಟಿಗಿಂತ ನಿರಾಸೆ ಹೆಚ್ಚಿತ್ತು. ಮುಟ್ಟದೆ ಏನು ಮಾಡಬೇಕಿತ್ತು ಎಂದು ವೈನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಹೂವಿನಾಕೆ ಮಾತ್ರ ಮರಾಠಿಯಲ್ಲಿ ಜೋರಾಗಿಯೇ, ಸಾಹೇಬರ ಹೆಂಡತಿಯ ಕರಿಮಣಿ ಬಿದ್ದಿದ್ದರೆ ಸಾಹೇಬರು ಸುತ್ತ ಗೆರೆ ಎಳೆದು ನಿಲ್ಲುತ್ತಿದ್ದರೋ ಎಂದಳು. ಅವರು ನಗಲಿಲ್ಲ, ಗದರಿಸಲೂ ಇಲ್ಲ. ಏನೂ ಇಲ್ಲದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದರು. ಇಸ್ತ್ರಿ ಅಂಗಡಿಯವನನ್ನೂ ಹಾಲಿನ ಅಂಗಡಿಯವನನ್ನೂ ಪಂಚರೆಂದು ಕರೆಸಿ ನಿಲ್ಲಿಸಿದರು. ವಿದ್ಯುತ್ ಕಂಬದಿಂದ ಅಳತೆ ಹಿಡಿಸಿ ಪಂಚನಾಮೆ ಬರೆಸಿದರು. ಮಣಿಗಳು ಸ್ಥಳದಲ್ಲಿ ಅಲ್ಲ, ಫಿರ್ಯಾದಿಯ ಸೆರಗಿನಲ್ಲಿ ಸಿಕ್ಕವು ಎಂದು ಇದ್ದದ್ದನ್ನು ಇದ್ದ ಹಾಗೆಯೇ ಬರೆಸಿದರು.

ಆಮೇಲೆ ವೈನಿಯ ಬಲಗೈ ಕಡೆ ನೋಡಿದರು. ಅದು ಇನ್ನೂ ಬಿಗಿಯಾಗಿ ಮುಚ್ಚಿತ್ತು.

ನಮ್ಮ ಕಡೆಯ ಕರಿಮಣಿ ಸರಕ್ಕೆ ಎರಡು ತಾಳಿ. ಒಂದು ತವರುಮನೆಯದು, ಒಂದು ಅತ್ತೆಮನೆಯದು. ಎಳೆದ ರಭಸಕ್ಕೆ ದಾರ ನಡುವೆ ಹರಿದು ತವರಿನ ತಾಳಿ ಕಳ್ಳನ ಕೈಗೆ ಹೋಗಿತ್ತು. ಅತ್ತೆಮನೆಯದು ತುಂಡು ದಾರದ ಸಮೇತ ವೈನಿಯ ಮುಷ್ಟಿಯಲ್ಲಿ ಉಳಿದಿತ್ತು. ಅದನ್ನೂ ಕೊಡಬೇಕು ಎಂದರು ಫೌಜದಾರರು.

ವೈನಿ ನನ್ನತ್ತ ತಿರುಗಿದರು. "ಇದು ಕಳುವಾಗಿಲ್ಲಲ್ಲ? ನನ್ನ ಕೈಯಾಗ ಅದ ಅಲ್ಲ? ಇದನ್ಯಾಕ ಒಯ್ತಾರಂತ? ಕೇಳು ಅವರನ್ನ."

ಕೇಳಿದೆ. ಅವರು ತಾಳ್ಮೆಯಿಂದಲೇ ಹೇಳಿದರು. ನಾಳೆ ಇನ್ನರ್ಧ ಸಿಕ್ಕರೆ ಹರಿದ ದಾರದ ತುದಿಗಳನ್ನು ಹೋಲಿಸಬೇಕು. ಇದು ಇಲ್ಲದೆ ಅದು ಇವರದೇ ಎಂದು ಹೇಗೆ ತೋರಿಸುವುದು? ಕೋರ್ಟಿನಿಂದ ಮರಳಿ ಸಿಗುತ್ತದೆ. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ವೈನಿ ನಿಧಾನವಾಗಿ ಬೆರಳು ಬಿಡಿಸಿದರು. ಅಂಗೈಯಲ್ಲಿ ತಾಳಿಯ ಅಂಚು ಒತ್ತಿ ಗುರುತು ಮೂಡಿತ್ತು. ಅದನ್ನು ಲಕೋಟೆಗೆ ಹಾಕಿ, ಪಂಚರ ಸಹಿಯ ಚೀಟಿ ಅಂಟಿಸಿ, ಅರಗು ಹಾಕಿದರು. ಆ ಕ್ಷಣದಿಂದ ಅದರ ಹೆಸರು ಮುದ್ದೆಮಾಲು.

ಮನೆಗೆ ಬಂದ ವೈನಿ ನೇರ ಅಡುಗೆಮನೆಗೆ ಹೋಗಿ ಅರಿಶಿಣದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡರು. ನಮ್ಮಲ್ಲಿ ಗಂಡನಿರುವವರ ಕೊರಳು ಬರಿದಾಗಿರಬಾರದು. ಸೆರಗು ಹೊದ್ದು ಬಾಲ್ಕನಿಗೆ ಹೋದರೆ ಅಣ್ಣಾವರು ಎಲ್ಲವನ್ನೂ ಮೇಲಿಂದ ನೋಡಿದ್ದರು. ಅವರ ಮಾತು ತೊದಲುತ್ತಿತ್ತು. ಬುದ್ಧಿ ತೊದಲುತ್ತಿರಲಿಲ್ಲ.

"ನಿಮ್ಮದು ಉಳದಿತ್ತರಿ" ಎಂದರು ವೈನಿ. "ಅದನ್ನ ಪೊಲೀಸರು ಒಯ್ದರು."

"ತವರಮನೀದು ಕಳ್ಳ ಒಯ್ದ, ಅತ್ತಿಮನೀದು ಸರಕಾರ ಒಯ್ತು" ಎಂದರು ಅಣ್ಣಾವರು, ಒಂದೊಂದೇ ಶಬ್ದ ಹುಡುಕಿ. "ಬೀಗರು ಇನ್ನ ಜಗಳಾ ಆಡಂಗಿಲ್ಲ."

ವೈನಿ ನಕ್ಕರು. ಅಡುಗೆಮನೆಗೆ ಬಂದು ನನ್ನ ತೋಳು ಹಿಡಿದು ಅತ್ತರು. ಮಗಳು ಬೆಳಗಾವಿಯಿಂದ ಫೋನು ಮಾಡಿ ಹೊಸತು ಮಾಡಿಸೋಣ ಎಂದಳು. ಒಪ್ಪಲಿಲ್ಲ. "ಅವರು ಎರಡೂ ಕೈಲೆ ಕಟ್ಟಿದ್ದು ಅದು. ಈಗ ಹೊಸಾದು ತಂದರ ಯಾರ ಕಟ್ಟತಾರ, ಎಡಗೈಲೆ? ಅವರ ಉಸಿರು ಇರೂತನಕ ಅದು ನನ್ನ ಕೊರಳಾಗ ಇರಬೇಕು. ಬ್ಯಾರೆ ಏನೂ ಬ್ಯಾಡ ನನಗ." ಡಾಕ್ಟರು ಅಣ್ಣಾವರ ಹೃದಯದ ಬಗ್ಗೆ ಹೇಳಿದ್ದನ್ನು ನಾನೂ ಕೇಳಿದ್ದೆ. ಹೆಚ್ಚು ಸಮಯವಿರಲಿಲ್ಲ.

ನನ್ನ ಜಬಾಬು ಬರೆದುಕೊಂಡ ಮಹಿಳಾ ಹವಾಲ್ದಾರರು ಒಳ್ಳೆಯವರು. ಅವಸರ ಮಾಡಲಿಲ್ಲ, ಕುಡಿಯಲು ನೀರು ಕೊಟ್ಟರು. ಕೊನೆಗೆ ಓದಿ ಹೇಳುವಾಗ, ಆರೋಪಿಗಳನ್ನು ಮತ್ತೆ ಕಂಡರೆ ಗುರುತಿಸಬಲ್ಲೆ ಎಂಬ ಸಾಲೂ ಬಂತು. ನಾನು ಹಾಗೆ ಹೇಳಲಿಲ್ಲವಲ್ಲ ಎಂದೆ. ಎಲ್ಲರ ಜಬಾಬಿನಲ್ಲೂ ಇರುತ್ತದೆ ಎಂದರು. ನಾನು ಕೈ ನೋಡಿದ್ದೇನೆ, ಬಳೆ ನೋಡಿದ್ದೇನೆ, ಮುಖ ನೋಡಿಲ್ಲ ಎಂದೆ. ಅವರು ಆ ಸಾಲನ್ನು ತೆಗೆದರು.

ಅದನ್ನು ವೈನಿಗೆ ಹೇಳಬೇಕಾಗಿರಲಿಲ್ಲ. ಹೇಳಿದೆ. "ಒಂದ ಸಾಲು ಇದ್ದಿದ್ರ ನಿನಗೇನ ಭಾರ ಆಗ್ತಿತ್ತು?" ಎಂದರು. "ಹೌದಂದ್ರ ಹೌದು ಅನ್ನೂದು. ಕೇಸ್ ಲಗೂ ಮುಗೀತಿತ್ತು, ನಂದು ನನಗ ಬರ್ತಿತ್ತು." ಮರುದಿನ ಅವರು ನನ್ನ ಬಾಗಿಲು ಬಡಿಯಲಿಲ್ಲ. ಅದರ ಮರುದಿನ ಬಡಿದರು. "ಮುಖಾ ಹಿಂಗ ಮಾಡ್ಕೋಬ್ಯಾಡ. ಸಿಟ್ಟು ಬಂದಿತ್ತು, ಹೋತು. ನಡಿ" ಎಂದರು. ಅಂದಿನಿಂದ ನಾವು ಸೊಸೈಟಿಯ ಗೇಟಿನ ಒಳಗೇ ಸುತ್ತು ಹಾಕುತ್ತಿದ್ದೆವು.

ಮುಂದೆ ಇಬ್ಬರು ಇನ್ನೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದರು. ಅವರಿಂದ ದೊರೆತ ಚಿನ್ನ ಕರಗಿ ಗಟ್ಟಿಯಾಗಿತ್ತು. ಅದರಲ್ಲಿ ಯಾರ ಯಾರ ತವರುಮನೆ ಸೇರಿತ್ತೋ. ಗಟ್ಟಿ ಯಾರದೆಂಬುದು ಕೇಸು ಮುಗಿದ ಮೇಲೆ ತೀರ್ಮಾನವಾಗಬೇಕು. ಆದರೆ ಮುಷ್ಟಿಯ ತಾಳಿ ವೈನಿಯದೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ, ಅರ್ಜಿ ಹಾಕಿದರೆ ಮೊದಲೇ ಸಿಗಬಹುದು ಎಂದರು ವಕೀಲರು. ಅರ್ಜಿ ಹಾಕಿದೆವು. ಪೊಲೀಸರ ಅಭಿಪ್ರಾಯ ಬರಲಿಲ್ಲವೆಂದು ಒಂದು ತಾರೀಖು ಹೋಯಿತು. ನ್ಯಾಯಾಧೀಶರು ರಜೆಯೆಂದು ಇನ್ನೊಂದು ಹೋಯಿತು. ಬಸ್ಸಿನಲ್ಲಿ ಹೋಗುವುದು, ವರಾಂಡದ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಚಪಾತಿ ತಿನ್ನುವುದು, ಹೆಸರು ಕೂಗುವವನ ಬಾಯಿ ನೋಡುವುದು, ತಿರುಗಿ ಬರುವುದು. ಬರುವಾಗ ವೈನಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅರಿಶಿಣದ ಕೊಂಬನ್ನು ಹಿಡಿದುಕೊಂಡಿರುತ್ತಿದ್ದರು. ಅಣ್ಣಾವರು ಈಗ ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ, ಮಂಚದ ಮೇಲೇ ಇರುತ್ತಿದ್ದರು. ನಾವು ಬಾಗಿಲು ತೆಗೆದ ಕೂಡಲೇ ಹೆಂಡತಿಯ ಕೊರಳು ನೋಡುತ್ತಿದ್ದರು.

ಕೊನೆಗೆ ಆದೇಶವಾಯಿತು. ಬಾಂಡು ಬರೆದುಕೊಟ್ಟು ಒಯ್ಯಬಹುದು. ಮಾರಬಾರದು, ರೂಪ ಬದಲಿಸಬಾರದು, ಕೋರ್ಟು ಕೇಳಿದಾಗ ತಂದು ಹಾಜರುಪಡಿಸಬೇಕು. ಠಾಣೆಯಲ್ಲಿ ಅರಗು ಒಡೆದು, ಫೋಟೋ ತೆಗೆದು, ವೈನಿಯ ಕೈಗಿಟ್ಟರು. ದಾರಕ್ಕೆ ಅರಿಶಿಣ ಒಣಗಿ ಅಂಟಿತ್ತು. ಸರಕ್ಕೆ ದಾರ ಕಟ್ಟುವ ಪಟವೇಗಾರನ ಹತ್ತಿರ ಒಯ್ದು ಮತ್ತೆ ಪೋಣಿಸಿಕೊಳ್ಳಬಹುದೇ ಎಂದು ನಾನು ಕೇಳಿದೆ. ಠಾಣೆಯ ಗುಮಾಸ್ತರು ಅಡ್ಡಡ್ಡ ತಲೆಯಾಡಿಸಿದರು. ಆ ಹರಿದ ತುದಿಯೇ ಸಾಕ್ಷ್ಯ, ಗಂಟು ಹಾಕುವ ಹಾಗಿಲ್ಲ, ಇದ್ದ ಹಾಗೆ ಇಡಬೇಕು.

ವೈನಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಯೋಚಿಸಿದರು. ಆಮೇಲೆ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ತುಂಡು ದಾರದ ಇನ್ನೊಂದು ಕೊನೆಯನ್ನು, ಪಟವೇಗಾರನ ಹಳೆಯ ಗಂಟು ಇನ್ನೂ ಗಟ್ಟಿಯಾಗಿದ್ದ ಕಡೆಯನ್ನು, ಅರಿಶಿಣದ ದಾರಕ್ಕೆ ಸೇರಿಸಿ ಪಿನ್ನು ಹಾಕಿದರು. ಹರಿದ ತುದಿ ಹರಿದ ಹಾಗೆಯೇ ಕೆಳಗೆ ಇಳಿಬಿದ್ದಿತ್ತು.

"ಗಂಟು ಹಾಕಿಲ್ಲ" ಎಂದರು ನನಗೆ. "ಕೇಳು ಅವರನ್ನ, ಪಿನ್ನಿಗೂ ಕೋರ್ಟಿಗೆ ಹೋಗಬೇಕೇನು?"

ನಾನು ಕೇಳಲಿಲ್ಲ. ಗುಮಾಸ್ತರು ನೋಡಿದರು, ತಮ್ಮ ಕಾಗದಗಳನ್ನು ಜೋಡಿಸತೊಡಗಿದರು.

ಮನೆಯಲ್ಲಿ ವೈನಿ ಮಂಚದ ಬದಿಗೆ ಬಗ್ಗಿ ಸೆರಗು ಸರಿಸಿದರು. ಅಣ್ಣಾವರು ಎಡಗೈಯಿಂದ ತಾಳಿಯನ್ನು ಹುಡುಕಿ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. ಬಗ್ಗಿದ ವೈನಿಯ ಸೊಂಟ ನೋಯುತ್ತಿತ್ತೆಂದು ನನಗೆ ಗೊತ್ತು. ಅವರು ಏಳಲಿಲ್ಲ.

"ಪಿನ್ನ ಚುಚ್ಚೀತು, ನೋಡ್ಕೋ" ಎಂದರು ಅಣ್ಣಾವರು.

ಅವರು ಆ ಮಳೆಗಾಲ ದಾಟಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಸುತ್ತ ಕುಳಿತಿದ್ದಾಗ ವೈನಿ ಯಾರನ್ನೂ ಹತ್ತಿರ ಬಿಡಲಿಲ್ಲ. ತಾವೇ ಪಿನ್ನು ಬಿಚ್ಚಿ, ತಾಳಿಯನ್ನು ಠಾಣೆಯ ಲಕೋಟೆಗೇ ಹಾಕಿ, ನನ್ನ ಕೈಗೆ ಕೊಟ್ಟು, "ಕೋರ್ಟಿಂದು. ಜ್ವಾಕಿ" ಎಂದರು. ತಿಂಗಳು ಕಳೆದು ಮಗಳ ಮನೆಗೆ ಬೆಳಗಾವಿಗೆ ಹೋದರು. ಎದುರಿನ ಬಾಗಿಲಿಗೆ ಬೀಗ ಬಿತ್ತು.

ವಿಚಾರಣೆ ಬಂದದ್ದು ಬಹಳ ತಡವಾಗಿ. ಸಮನ್ಸ್ ಬಂದಿದೆಯೆಂದು ವೈನಿ ಫೋನು ಮಾಡಿದಾಗ ನನಗೆ ಆದದ್ದು ಸಂತೋಷ. ಬೇರೆ ಹೆಸರಿಲ್ಲ ಅದಕ್ಕೆ. ಅವರು ನನ್ನ ಮನೆಯಲ್ಲೇ ಉಳಿದರು. ಮೊದಲ ಸಲ ಸರದಿ ಬರಲಿಲ್ಲ, ತಾರೀಖು ಮುಂದೆ ಹೋಯಿತು. ವರಾಂಡದಲ್ಲಿ ಎಲ್ಲರೂ ಬೈದುಕೊಳ್ಳುತ್ತಿದ್ದರು. ನಾನು ಮನಸ್ಸಿನಲ್ಲೇ, ಹಾಗಾದರೆ ಇನ್ನೊಮ್ಮೆ ಬರುತ್ತಾರೆ ಎಂದುಕೊಂಡೆ.

ಎರಡನೇ ಸಲ, ನಾನು ಕಾಯ್ದಿಟ್ಟಿದ್ದ ಲಕೋಟೆಯನ್ನು ಕೋರ್ಟಿಗೆ ಒಪ್ಪಿಸಿದ ಮೇಲೆ, ನಮ್ಮ ಹೆಸರು ಕೂಗಿದರು. ಮೊದಲು ವೈನಿ ಒಳಗೆ ಹೋದರು. ಸಾಕ್ಷಿ ಹೇಳುವ ತನಕ ನಾನು ಹೊರಗೇ ಇರಬೇಕಾದ್ದರಿಂದ ಅವರು ಹೇಳಿದ್ದು ನನಗೆ ಆಮೇಲೆ ಅವರ ಬಾಯಿಂದಲೇ ತಿಳಿಯಿತು. ತಾಳಿಯನ್ನು ಕೈಗೆ ಕೊಟ್ಟು ಇದು ನಿಮ್ಮದೇ ಎಂದು ಕೇಳಿದರಂತೆ. ಹೌದೆಂದರು. ಆರೋಪಿಗಳ ವಕೀಲರು, ಇಷ್ಟು ವರ್ಷ ಇದನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ಯಜಮಾನರು ಇರುವ ತನಕ ಕೊರಳಲ್ಲಿ, ಆಮೇಲೆ ಲಕೋಟೆಯಲ್ಲಿ ಎಂದರು. ನ್ಯಾಯಾಧೀಶೆ ಅಷ್ಟನ್ನೇ ಬರೆಸಿದರಂತೆ.

ನನ್ನ ಸರದಿ ಬಂದಾಗ ಮಣಿಗಳನ್ನು ಯಾಕೆ ಎತ್ತಿದಿರಿ ಎಂದು ಅದೇ ವಕೀಲರು ಕೇಳಿದರು. ತುಳಿಯಬಾರದೆಂದು ಎಂದೆ. ಆರೋಪಿಗಳು ಮೂಲೆಯಲ್ಲಿ ನಿಂತಿದ್ದರು. ಒಬ್ಬನು ತೀರ ತೆಳ್ಳಗಿದ್ದ, ಅಂಗಿಯ ತೋಳು ಅಂಗೈ ತನಕ ಬಂದಿತ್ತು. ಸರಕಾರಿ ವಕೀಲರು, ಸರಿಯಾಗಿ ನೋಡಿ ಹೇಳಿ ಎಂದರು. ಸರಿಯಾಗಿ ನೋಡಿದೆ. ಅಂದು ನಾನು ಮುಖ ನೋಡಿರಲಿಲ್ಲ ಎಂದೆ.

ಹೊರಗೆ ಬೆಂಚಿನ ಮೇಲೆ ವೈನಿ ಕಾಯುತ್ತಿದ್ದರು. "ಅಂದ್ಯಾ?" ಎಂದು ಕೇಳಿದರು.

"ಇಲ್ರಿ ವೈನಿ. ನೋಡಿಲ್ಲ ಅಂದೆ."

"ಗೊತ್ತಿತ್ತು" ಎಂದರು. "ನೀ ಹೌದಂದಿದ್ರ ನಾನ ನಂಬತಿದ್ದಿಲ್ಲ." ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.

ತಾಳಿ ಕೋರ್ಟಿನಲ್ಲೇ ಉಳಿಯಿತು. ತೀರ್ಪಿನ ಜೊತೆ ಅದರ ತೀರ್ಮಾನವೂ ಆಗುತ್ತದೆ. ಇಬ್ಬರ ಸಾಕ್ಷಿಯೂ ಮುಗಿದದ್ದರಿಂದ ಇನ್ನು ನಮ್ಮನ್ನು ಕರೆಯುವುದಿಲ್ಲ. ಸಂಜೆ ಅವರನ್ನು ಬೆಳಗಾವಿಯ ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಟ ಮೇಲೂ ಅಲ್ಲಿಯೇ ನಿಂತಿದ್ದೆ. ಹೊರಗೆ ಮರಾಠಿ, ಮನೆಯಲ್ಲಿ ಮಕ್ಕಳೊಡನೆ ಇಂಗ್ಲಿಷು, ಹಿಂದಿ. ಬೆಲ್ಲದ ಬಗ್ಗೆ ನನ್ನನ್ನು ಬೈಯುವವರು ಈ ಊರಿನಲ್ಲಿ ಇನ್ನು ಯಾರೂ ಇರಲಿಲ್ಲ.

ತೀರ್ಪು ಇನ್ನೂ ಆಗಿಲ್ಲ. ನಾನು ಆಗಾಗ ವಕೀಲರಿಗೆ ಫೋನು ಮಾಡಿ ಕೇಳುತ್ತೇನೆ, ಆಮೇಲೆ ಬೆಳಗಾವಿಗೆ ಮಾಡುತ್ತೇನೆ. ಮೊನ್ನೆಯೂ ಮಾಡಿದೆ. ಇನ್ನೂ ತಡವಾಗುತ್ತದಂತೆ, ಆದರೆ ಆದೇಶವಾದಾಗ ನೀವೇ ಬಂದು ಸಹಿ ಮಾಡಿ ಒಯ್ಯಬೇಕಾಗಬಹುದು ಎಂದೆ. ಆ ಕೊನೆಯ ಮಾತನ್ನು ನಾನು ಸ್ವಲ್ಪ ಒತ್ತಿಯೇ ಹೇಳಿದೆನೆಂದು ಕಾಣುತ್ತದೆ.

ಆ ಕಡೆ ಕುಕ್ಕರು ಕೂಗಿತು. ವೈನಿ ಅದು ನಿಲ್ಲುವ ತನಕ ಕಾದರು.

"ತಡಾ ಆಗ್ಲಿ ಬಿಡು" ಎಂದರು. "ನನಗೇನು ಈಗ ಅವಸರ ಅದ? ಬೇಕಾದಾಗ ಸಿಕ್ಕಿತ್ತು. ಅವರ ಕೈಗೆ ಹತ್ತಿತ್ತು."