ಉಮಕ್ಕ ಮುಚ್ಚಿದ ಕೆಂಪು ಹೂವು

...ಹಾಂ, ಆ ಕೆಂಪು ಹೂವಿನ ವಿಷಯ ಅರ್ಧಕ್ಕೇ ನಿಂತಿತ್ತಲ್ಲ. ಅಷ್ಟು ಹುಷಾರಿನ ಹೆಂಗಸು ಅದನ್ನ ಹಳದಿ ಮಾಡಿದ್ದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಅದು ಗೊತ್ತಾಗ್ಬೇಕಾದ್ರೆ ಮೊದಲು ಉಮಕ್ಕ ಯಾರು ಅಂತ ಗೊತ್ತಾಗ್ಬೇಕು ಮಾರಾಯ್ರೆ.

ಉಮಕ್ಕ ಅಂದ್ರೆ ಉಮಾವತಿ. ಐವತ್ತೆಂಟು ವರ್ಷ. ಮನೆ ಮುಂಬೈ ಹತ್ರದ ಠಾಣೆ ಈಸ್ಟಿನ ಕೋಪರಿಯಲ್ಲಿ, ಕೆಲಸ ಡೊಂಬಿವಲಿಯಲ್ಲಿ, ಗುರುವಪ್ಪನವರ ಫ್ರೇಮಿನ ಅಂಗಡಿಯಲ್ಲಿ. ಕೆಳಗೆ ಗುರುವಪ್ಪ ದೇವರ ಫೋಟೋ, ಮದುವೆ ಫೋಟೋ, ಡಿಗ್ರಿ ಸರ್ಟಿಫಿಕೇಟಿಗೆಲ್ಲ ಫ್ರೇಮ್ ಕಟ್ತಾರೆ. ಕಬ್ಬಿಣದ ಏಣಿ ಹತ್ತಿ ಮೇಲೆ ಹೋದ್ರೆ ಕಿಟಕಿ ಬದಿಗೊಂದು ಮೇಜು. ಅಲ್ಲಿ ಕೂತು ಉಮಕ್ಕ ಹಳೇ ಗಿಡಮರದ ಚಿತ್ರಗಳನ್ನ ರಿಪೇರಿ ಮಾಡ್ತಾರೆ. ನೂರು, ನೂರೈವತ್ತು ವರ್ಷದ ಹಿಂದಿನ ಹಾಳೆಗಳು. ಹುಳ ತಿಂದದ್ದು, ನೀರು ಕುಡಿದದ್ದು, ಮುಟ್ಟಿದ್ರೆ ಹಪ್ಪಳದ ಹಾಗೆ ಮುರಿಯೋದು.

ಈ ಕೆಲಸಕ್ಕೆ ಅವರು ಬಂದದ್ದು ಒಂದು ಕೆಸುವಿನ ಎಲೆಯಿಂದ. ಗಂಡ ದೇವದಾಸ್ ಆಗ ಕಲ್ಯಾಣದಲ್ಲಿ ಒಂದು ಹೋಟ್ಲಿನ ಕೌಂಟರಲ್ಲಿ ಕೂರ್ತಿದ್ರು. "ಇವತ್ತಿನ ಸ್ಪೆಷಲ್" ಬೋರ್ಡನ್ನ ಉಮಕ್ಕ ಬಣ್ಣದ ಚಾಕಲ್ಲಿ ಬರೆದು ಕೊಡ್ತಿದ್ರು. ಪತ್ರೊಡೆ ಇದ್ದ ದಿನ ಪಕ್ಕದಲ್ಲಿ ಒಂದು ಕೆಸುವಿನ ಎಲೆಯನ್ನೂ ಬರೆದ್ರು. ಚಾ ಕುಡೀಲಿಕ್ಕೆ ಬಂದ ಚೆನ್ನಯ ಅನ್ನೋ ಮುದುಕ ಆ ಬೋರ್ಡಿನ ಮುಂದೆ ನಿಂತವರು ನಿಂತೇ ಬಿಟ್ರು.

"ಇದರ ನರ ಎಣಿಸಿ ಬರೆದದ್ದು ಯಾರು?"

"ಎಣಿಸ್ಲಿಲ್ಲ, ನೋಡಿ ಬರೆದದ್ದು," ಅಂದ್ರು ಉಮಕ್ಕ ಒಳಗಿಂದ.

"ಅದೇ ಬೇಕಾದ್ದು. ನಾಳೆ ಡೊಂಬಿವಲಿಗೆ ಬಾ ತಂಗಿ."

ಹೋದ್ರು. ಇಪ್ಪತ್ತೆರಡು ವರ್ಷ ಆಯ್ತು. ಚೆನ್ನಯಣ್ಣ ಈಗಿಲ್ಲ, ಅವರ ಕುರ್ಚಿ ಉಂಟು, ಅವರ ಭೂತಗನ್ನಡಿ ಉಂಟು, ಅವರ ಕಟ್ಟುಪಾಡುಗಳೂ ಉಂಟು. ಮೊದಲನೇದು, ಹಾಳೆಯ ಹಳೇ ರಟ್ಟು, ಅಂಚುಪಟ್ಟಿ ಎಲ್ಲ ಬಿಡಿಸಿ ಆದ ಮೇಲೇ ಕುಂಚ ಮುಟ್ಬೇಕು. ಎರಡನೇದು, ಬಣ್ಣ ತುಂಬೋ ಜಾಗಕ್ಕೆ ಮೊದಲು ತೆಳು ಗಂಜಿ ಹಚ್ಬೇಕು, ಆಮೇಲೆ ಬಣ್ಣ. "ನಮ್ಮ ಬಣ್ಣ ಅವನ ಕಾಗದಕ್ಕೆ ತಾಗಬಾರ್ದು ತಂಗಿ," ಅಂತಿದ್ರಂತೆ ಚೆನ್ನಯಣ್ಣ. "ನಾಳೆ ನಮ್ಮದೇ ತಪ್ಪು ಅಂತ ಗೊತ್ತಾದ್ರೆ ತೆಗೀಲಿಕ್ಕೆ ದಾರಿ ಬೇಡ್ವಾ?"

"ಅವನು" ಅಂದ್ರೆ ಚಿತ್ರ ಬರೆದವನು. ಹೆಸರಿಲ್ಲದವನು. ಆ ಕಾಲದಲ್ಲಿ ಗಿಡದ ಬಗ್ಗೆ ಪುಸ್ತಕ ಬರೆಯೋದು ಸಾಹೇಬ. ಚಿತ್ರ ಬರೆಯೋದು ನಮ್ಮ ಕಡೆಯ ಯಾರೋ ಒಬ್ಬ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೆಲ್ಲು ಬಾಡೋ ಮೊದಲು ಕಣ್ಣು ಮಿಟುಕಿಸದೆ ಕೂತು. ಅಚ್ಚಾಗಿ ಬಂದ್ರೆ ಕೆಳಗೆ ಸಾಹೇಬನ ಹೆಸರು. ಅಚ್ಚಾದ ಹಾಳೆಗೆ ವಿಲಾಯತಿಯಲ್ಲಿ ಬಣ್ಣ ತುಂಬ್ತಿದ್ದದ್ದು ಉದ್ದ ಮೇಜಿನ ಎರಡೂ ಬದಿ ಕೂತ ಹೆಂಗಸರು. ಒಬ್ಬಳು ಹಸಿರು ಮಾತ್ರ, ಒಬ್ಬಳು ಕೆಂಪು ಮಾತ್ರ. ಆ ಗಿಡವನ್ನ ಒಂದು ದಿನ ಆದ್ರೂ ನೋಡಿದವರಲ್ಲ. ಉಮಕ್ಕನಿಗೆ ಆ ಹೆಂಗಸರ ನೆನಪು ಆಗಾಗ ಬರ್ತದೆ. "ನೋಡದ್ದಕ್ಕೆ ಬಣ್ಣ ಹಚ್ಚೋದು ಎಷ್ಟು ಹೆದರಿಕೆ ಅಲ್ವಾ," ಅಂತಾರೆ.

ಇನ್ನು ದಿಶಾ. ಇಪ್ಪತ್ತಾರು ವರ್ಷದ ಹುಡುಗಿ, ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಐರೋಲಿಯಲ್ಲಿ. ಅಲ್ಲಿನದ್ದೇ ಒಂದು ಕಾಲೇಜಲ್ಲಿ ಬಾಟನಿ ಕಲಿಸ್ತಾಳೆ. ಕನ್ನಡ ಅರ್ಥ ಆಗ್ತದೆ, ಓದ್ಲಿಕ್ಕೆ ಬರೂದಿಲ್ಲ. ಕಾಲೇಜಿನ ಹಳೇ ಕಪಾಟಿನ ತಳದಲ್ಲಿ ಅವಳಿಗೆ ನಲವತ್ತು ಹಾಳೆ ಸಿಕ್ತು, ಅಚ್ಚಿನದ್ದಲ್ಲ, ಕೈಯಲ್ಲೇ ಬರೆದ ಮೂಲ ಚಿತ್ರ. ಅದರಲ್ಲಿ ಒಂದನ್ನ ತಂದು ಉಮಕ್ಕನ ಮೇಜಲ್ಲಿಟ್ಳು.

ಖಾಡಿ, ಅಂದ್ರೆ ಸಮುದ್ರದ ಹಿನ್ನೀರು, ಅದರ ಬದಿಯಲ್ಲಿ ಬೆಳೀತದಲ್ಲ, ಹೃದಯದ ಆಕಾರದ ಎಲೆ, ದಾಸವಾಳದ ಹಾಗಿನ ಹಳದಿ ಹೂವು, ಆ ಮರದ ಗೆಲ್ಲು. ಹೆಸರು ಒಬ್ಬೊಬ್ರು ಒಂದೊಂದು ಹೇಳ್ತಾರೆ, ಉಮಕ್ಕ ಖಾಡಿ ದಾಸವಾಳ ಅಂತಾರೆ. ಅವರ ಬಿಲ್ಡಿಂಗಿನ ಹಿಂದೆಯೇ ಒಂದು ಉಂಟು. ಚಿತ್ರದಲ್ಲಿ ಮೊಗ್ಗು, ಹೂವು, ಕಾಯಿ, ಬಿರಿದ ಕಾಯಿಯ ಬೀಜ, ಎಲೆಯ ಬೆನ್ನು ಕಾಣ್ಲಿ ಅಂತ ಮಡಚಿದ ಒಂದು ಎಲೆ. ಹಾಗೆಯೇ ಆಗ ಬರೀತಿದ್ದದ್ದು, ಒಂದು ಹಾಳೆಗೆ ಇಡೀ ವರ್ಷ ಹಿಡಿಸಿ.

ಎರಡು ಹೂವು ಇತ್ತು. ಎಡಗಡೆದು ಹಳದಿ. ಬಲಗಡೆದು ಕೆಂಪು, ಅದೂ ಒಂದೇ ಸಮ ಅಲ್ಲ, ಕಿತ್ತಳೆಯಿಂದ ಇಟ್ಟಿಗೆ ಕೆಂಪಿಗೆ ಜಾರಿದ ಹಾಗೆ.

"ಆಂಟಿ, ಇದ್ರದ್ದು ಬೇಗ ಬೇಕು. ಎಕ್ಸಿಬಿಷನ್ ಉಂಟು, ಇನ್ವಿಟೇಶನ್ ಮೇಲೆ ಇದೇ ಫೋಟೋ. ಪರಸೋಂ ತಕ್ ಹೋ ಜಾಯೇಗಾ ಕ್ಯಾ?"

"ನಾಡಿದ್ದಿಗಾ? ಬರೀ ಫೋಟೋಕ್ಕಾದ್ರೆ ಆದೀತು ಮಗಾ."

ತಪ್ಪು ಸುರುವಾದ್ದು ಅಲ್ಲಿ. ರಟ್ಟು ಬಿಡಿಸ್ಲಿಕ್ಕೆ ನಾಲ್ಕು ದಿನ ಬೇಕು. ಉಮಕ್ಕ ರಟ್ಟು ಹಾಗೇ ಬಿಟ್ಟು ಮೊದಲು ಬಣ್ಣಕ್ಕೆ ಕೈ ಹಾಕಿದ್ರು. ಕೆಂಪು ಹೂವನ್ನ ಭೂತಗನ್ನಡಿ ಇಟ್ಟು ತುಂಬ ಹೊತ್ತು ನೋಡಿದ್ರು. ಹಳೇ ಬಣ್ಣ ಗಾಳಿಗೆ ಕೆಟ್ಟು ಬೇರೆ ಆಗೋದು ಅವರು ನೂರು ಸಲ ಕಂಡದ್ದು, ಬಿಳಿ ಕಪ್ಪಾಗ್ತದೆ, ಹಸಿರು ಕಂದಾಗ್ತದೆ. ಇದೂ ಹಾಗೇ, ಹಳದಿ ಕೆಟ್ಟದ್ದು ಅಂತ ತೀರ್ಮಾನ ಮಾಡಿದ್ರು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ನೋಡಿದ ಮರ ಅಲ್ವಾ. ಎಂಟೂಕಾಲಕ್ಕೆ ಸ್ಟೇಶನಿಗೆ ಓಡುವಾಗ ಅದರ ಹೂವು ಯಾವತ್ತೂ ಹಳದಿಯೇ. ಕೆಳಗೆ ಕೆಂಪಗೆ ಬಿದ್ದದ್ದನ್ನೂ ನೋಡ್ತಿದ್ರು, ಬಾಡಿದ್ದು ಅಂತ ದಾಟಿ ಹೋಗ್ತಿದ್ರು. ತಿರುಗಿ ಬರುವಾಗ ಕತ್ತಲೆ. ಆದಿತ್ಯವಾರ ಬಟ್ಟೆ, ಮೀನು, ನಿದ್ದೆ, ಅಷ್ಟೇ. ಸಂಜೆ ಐದು ಗಂಟೆಗೆ ಆ ಮರ ಹೇಗಿರ್ತದೆ ಅಂತ ಆ ಬಿಲ್ಡಿಂಗಲ್ಲಿ ಲೋಕಲ್ ಹಿಡಿಯೋ ಒಬ್ಬರಿಗೂ ಗೊತ್ತಿರ್ಲಿಲ್ಲ.

ತೆಳು ಗಂಜಿ ಹಚ್ಚಿದ್ರು. ಒಣಗಿದ ಮೇಲೆ ದಪ್ಪ ಹಳದಿ. ಫೋಟೋ ಆಯ್ತು. ಇನ್ನೂರು ಇನ್ವಿಟೇಶನ್ ಅಚ್ಚಾಗಿ ಹೋಯ್ತು, ಎರಡೂ ಹೂವು ಹಳದಿ.

ಆಮೇಲೆ ನಿಧಾನಕ್ಕೆ ರಟ್ಟು ಬಿಡಿಸ್ಲಿಕ್ಕೆ ಕೂತ್ರು. ನಾಲ್ಕನೇ ದಿನ ಮಧ್ಯಾಹ್ನ ಕೆಳಗಿನ ಅಂಚುಪಟ್ಟಿ ಎದ್ದು ಬಂತು. ಅಡಿಯಲ್ಲಿ, ನೂರು ವರ್ಷಕ್ಕೂ ಹೆಚ್ಚು ಬೆಳಕು ಕಾಣದ ಬಿಳಿ ಕಾಗದದ ಮೇಲೆ, ಪೆನ್ಸಿಲಲ್ಲಿ ಎರಡು ಶಬ್ದ. ಕನ್ನಡ ಅಕ್ಷರ. ಹಳೇ ಕೈಬರಹ, ಆದ್ರೂ ಓದ್ಲಿಕ್ಕೆ ಬರ್ತದೆ. ಎಡಗಡೆ ಹೂವಿನ ನೇರಕ್ಕೆ "ಉದಯಕ್ಕೆ". ಬಲಗಡೆ ಹೂವಿನ ನೇರಕ್ಕೆ "ಸಾಯಂಕಾಲಕ್ಕೆ".

ಉಮಕ್ಕ ಭೂತಗನ್ನಡಿ ಕೆಳಗಿಟ್ರು. ಚಪ್ಪಲಿ ಹಾಕ್ಕೊಂಡ್ರು. ಏಣಿ ಇಳಿದ್ರು.

"ಅಕ್ಕಾರ, ಎಲ್ಲಿಗ್ರೀ? ಇನ್ನೂ ಮೂರೂವರಿ," ಅಂದ್ರು ಗುರುವಪ್ಪ. ಅವರು ಬಾಗಲಕೋಟೆ ಕಡೆಯವರು.

"ಮನೆಗೆ."

"ಆರಾಮ ಅದೀರಿಲ್ಲೋ?"

ಉಮಕ್ಕ ಆಗ್ಲೇ ರಸ್ತೆಗೆ ಇಳಿದಿದ್ರು. ಬಿಸಿಲಿರುವಾಗ ಅವರು ಠಾಣೆ ಲೋಕಲ್ ಹತ್ತಿದ್ದು ವರ್ಷಗಟ್ಲೆ ಆದ್ಮೇಲೆ. ಕೂರ್ಲಿಕ್ಕೆ ಸೀಟ್ ಸಿಕ್ತು, ಅದೇ ಒಂದು ಆಶ್ಚರ್ಯ. ಕೋಪರಿಗೆ ಬಂದು ಮನೆಗೆ ಹೋಗ್ಲಿಲ್ಲ, ನೇರ ಬಿಲ್ಡಿಂಗಿನ ಹಿಂದೆ ಹೋದ್ರು. ಖಾಡಿಯಿಂದ ಗಾಳಿ ಬೀಸ್ತಿತ್ತು. ತಲೆ ಎತ್ತಿ ನೋಡಿದ್ರು.

ಮರ ತುಂಬ ಕಿತ್ತಳೆ. ಕೆಲವು ಆಗ್ಲೇ ಇಟ್ಟಿಗೆ ಕೆಂಪು. ಬೆಳಿಗ್ಗೆ ಅವರೇ ನೋಡಿ ಹೋದ ಹಳದಿ ಹೂವುಗಳು. ಅವನು ಬರೆದದ್ದು ಸರಿಯಾಗಿ ಅದೇ ಬಣ್ಣ. ಯಾವುದೋ ಮರದ ಕೆಳಗೆ ಬೆಳಗಿನಿಂದ ಸಂಜೆವರೆಗೆ ಕೂತು ನೋಡಿ ಬರೆದದ್ದು. ಒಂದು ಹಾಳೆಗೆ ವರ್ಷ ಹಿಡಿಸೋದು ಉಮಕ್ಕನಿಗೆ ಗೊತ್ತಿತ್ತು. ಒಂದು ದಿನವನ್ನೂ ಹಿಡಿಸಬಹುದು ಅಂತ ಹೊಳೀಲಿಲ್ಲ. ಅವನ ಸಂಜೆಯನ್ನ ತನ್ನ ಕೈಯಾರೆ ಅಳಿಸಿ ಹಾಕಿದ್ರು. ಹೆಸರು ಸಹ ಬಿಟ್ಟು ಹೋಗದವನದ್ದು ಅಂತ ಉಳಿದದ್ದೇ ಅದು.

ಅವರು ಅಲ್ಲೇ ಕಟ್ಟೆ ಮೇಲೆ ಕೂತ್ರು. ಒಂದು ಹೂವು ಪಕ್ಕದಲ್ಲಿ ಟಪ್ಪಂತ ಬಿತ್ತು.

ಮರುದಿನ ಬೆಳಿಗ್ಗೆ ಗುರುವಪ್ಪನವರಿಗೆ ಹಾಳೆ ತೋರಿಸಿ ಎಲ್ಲ ಹೇಳಿದ್ರು. ಅವರು ಗಾಜು ಕೊಯ್ಯೋದನ್ನ ನಿಲ್ಲಿಸಿ ಕೇಳಿದ್ರು.

"ನೋಡ್ರಿ ಅಕ್ಕಾರ, ಆ ಪೆನ್ಸಿಲ್ ಬರದದ್ದು ನೀವು ಬಿಟ್ರ ನಾ, ಇಬ್ಬರೇ ನೋಡಿದ್ದು. ಆ ಹುಡುಗಿಗೆ ಕನ್ನಡ ಓದಾಕ ಬರಂಗಿಲ್ಲ. ಮ್ಯಾಲೆ ಪಟ್ಟಿ ಹಚ್ಚಿ ಬಿಡೂಣು. ಯಾರಿಗ್ ಗೊತ್ತಾಗ್ತದ?"

"ನಂಗೆ ಗೊತ್ತಾಗಿದ್ಯಲ್ಲ ಗುರುವಪ್ಪನವ್ರೇ."

"ಇನ್ನೂ ಮೂವತ್ತೊಂಬತ್ತು ಹಾಳಿ ಬರೂದೈತಿ ಅವರ ಕಾಲೇಜಿಂದ. ನಾವ ಕೆಡಿಸೇವಿ ಅಂದ್ರ ಒಂದೂ ಕೊಡಂಗಿಲ್ಲ."

"ಕೊಡದಿದ್ರೆ ಬೇಡ. ಇನ್ನೊಂದು ಹೂವನ್ನ ನಾನು ಇದೇ ರೀತಿ ಮುಚ್ಚಿದ್ರೆ?"

ಗುರುವಪ್ಪ ಗಾಜನ್ನ ಪಕ್ಕಕ್ಕೆ ಸರಿಸಿದ್ರು. "ಚೆನ್ನಯಣ್ಣ ಇದ್ದಿದ್ರ ನಿಮಗ ಬೈತಿದ್ರು," ಅಂದ್ರು. ಆಮೇಲೆ, "ನನಗ ಜಾಸ್ತಿ ಬೈತಿದ್ರು," ಅಂತ ಸೇರಿಸಿ ಫೋನನ್ನ ಅವರ ಕಡೆ ದೂಡಿದ್ರು.

ದಿಶಾ ಕಾಲೇಜ್ ಮುಗಿಸಿ ಐರೋಲಿಯಿಂದ ಓಡಿ ಬಂದ್ಳು. ಉಮಕ್ಕ ಸುತ್ತಿ ಬಳಸಿ ಹೇಳ್ಲಿಲ್ಲ. ಪೆನ್ಸಿಲ್ ಅಕ್ಷರದ ಮೇಲೆ ಬೆರಳಿಟ್ಟು ಓದಿ ಹೇಳಿದ್ರು, ತನ್ನ ಹಳದಿ ತೋರಿಸಿದ್ರು, "ಇದು ನಾನು ಮಾಡಿದ್ದು" ಅಂದ್ರು. ಹುಡುಗಿಯ ಮುಖ ಬಿಳುಚಿ ಹೋಯ್ತು.

"ಆಂಟಿ, ಸೈನ್ ಮಾಡಿ ತಂದದ್ದು ನಾನು. ಇನ್ವಿಟೇಶನ್ ಪಣ್ ಗೇಲಾ, ಎಲ್ಲರಿಗೂ ಹೋಗಿ ಆಯ್ತು. ನಮ್ಮ ಕಾಲೇಜಿನ ಮ್ಯಾಡಮಿಗೆ ಕ್ಯಾ ಬೋಲೂಂ, ಎಂತ ಹೇಳ್ಲಿ?"

"ನನ್ನ ಹೆಸರು ಹೇಳು."

"ಅದು ವಾಪಸ್ ಬರ್ತದಾ?"

"ಅಡಿಯಲ್ಲಿ ಗಂಜಿ ಉಂಟು. ಬರ್ಬೇಕು. ಬಾರದಿದ್ರೆ ಎರಡೂ ಹೋಗ್ತದೆ, ನನ್ನ ಹಳದಿಯೂ, ಅವನ ಕೆಂಪೂ. ನೀನು ಹೂಂ ಅಂದ್ರೆ ಮಾತ್ರ ಕೈ ಹಾಕ್ತೇನೆ."

ದಿಶಾ ಹೂಂ ಅಂದ್ಳು.

ಉಮಕ್ಕ ಆ ದಿನ ಬೆಳಿಗ್ಗೆಯಿಂದ ಚಾ ಕುಡಿದಿರ್ಲಿಲ್ಲ. ಬಾಯಿ ಮೂರು ಸಲ ಮುಕ್ಕಳಿಸಿದ್ರು. ಕಡ್ಡಿಗೆ ಹತ್ತಿ ಸುತ್ತಿದ್ರು, ನಾಲಗೆ ಮೇಲೆ ಇಟ್ಟು ಒದ್ದೆ ಮಾಡಿದ್ರು.

"ಥೂಕ್ ಸೇ, ಆಂಟಿ?!"

"ಮತ್ತೆಂತ, ಗಂಗಾಜಲವಾ? ನೀರು ಹಾಕಿದ್ರೆ ಕಾಗದ ಉಬ್ತದೆ. ಗಂಜಿ ಕರಗ್ಲಿಕ್ಕೆ ಉಗುಳೇ ಸೈ. ಅನ್ನ ಅಗಿದ್ರೆ ಸಿಹಿ ಆಗುದಿಲ್ವಾ, ಅದೇ ಲೆಕ್ಕ. ನೀನು ಪಾಠ ಮಾಡುವವಳು, ನಿಂಗೆ ಗೊತ್ತಿರ್ಬೇಕು."

ದಿಶಾ ಆ ಹೆದರಿಕೆಯ ಮಧ್ಯವೂ ನಕ್ಕುಬಿಟ್ಳು.

ಆಮೇಲೆ ನಗಾಡ್ಲಿಕ್ಕೆ ಏನೂ ಇರ್ಲಿಲ್ಲ. ಎಳ್ಳಿನಷ್ಟು ಜಾಗಕ್ಕೆ ಒಂದು ಕಡ್ಡಿ. ಉರುಳಿಸೋದು, ಎತ್ತೋದು, ಬಿಸಾಡೋದು, ಹೊಸದು. ಕೆಳಗೆ ಗುರುವಪ್ಪ ಮೊಳೆ ಹೊಡಿಯೋದು ನಿಲ್ಲಿಸಿದ್ರು, ಮೇಜು ಅಲುಗಬಾರ್ದು ಅಂತ. ಹತ್ತಿ ಹಳದಿ ಆಗಿ ಬಂತು, ಮತ್ತೂ ಹಳದಿ. ಮೂವತ್ತೋ ನಲವತ್ತೋ ಕಡ್ಡಿ ಆದ್ಮೇಲೆ ಅಡಿಯಿಂದ ಕಿತ್ತಳೆಯ ಒಂದು ಗೀರು ಕಂಡಿತು. ಉಮಕ್ಕ ಹತ್ತಿಯನ್ನ ಬೆಳಕಿಗೆ ಹಿಡಿದು ನೋಡಿದ್ರು, ಅದಕ್ಕೆ ಕೆಂಪು ಹತ್ತಿರ್ಲಿಲ್ಲ. ಒಂದು ದಳ ಬಂತು, ಎರಡು ಬಂತು.

ಐದನೇ ದಳದ ಅಂಚಲ್ಲಿ ಗಂಜಿ ತಪ್ಪಿ ಹೋಗಿತ್ತು. ಅಕ್ಕಿ ಕಾಳಿನಷ್ಟು ಜಾಗ. ಅಲ್ಲಿ ಹಳದಿ ಕಾಗದಕ್ಕೇ ಇಳಿದಿತ್ತು. ಹತ್ತಿ ಇಟ್ಟು ಒಂದು ಸಲ ಉರುಳಿಸಿದ್ರು, ಹತ್ತಿ ಮೇಲೆ ಕೆಂಪಿನ ಛಾಯೆ ಬಂತು. ಉಮಕ್ಕ ಕೈ ಎತ್ತಿಬಿಟ್ರು.

"ಇಷ್ಟು ಉಳೀತು," ಅಂದ್ರು. "ಇದು ಹೋಗೂದಿಲ್ಲ."

"ಮೇಲಿಂದ ಸ್ವಲ್ಪ ಕೆಂಪು ಹಚ್ಚಿದ್ರೆ ಆಂಟಿ? ಕಾಣ್ಲಿಕ್ಕೇ ಇಲ್ಲ."

"ಬೇಡ ಮಗಾ. ಸಾಕು ನಾನು ಹಚ್ಚಿದ್ದು."

ದಿಶಾ ಕಾಲೇಜಲ್ಲಿ ಎಲ್ಲ ಹೇಳಿದ್ಳು. ಬೈಗುಳ ಬಿತ್ತು ಅವಳಿಗೆ, ಸಣ್ಣದಲ್ಲ. ಉಳಿದ ಮೂವತ್ತೊಂಬತ್ತು ಹಾಳೆಯ ವಿಷಯ ಮ್ಯಾಡಮ್ ಇನ್ನೂ ಏನೂ ಹೇಳ್ಲಿಲ್ಲ. ಗುರುವಪ್ಪ ಕೇಳೋದೂ ಬಿಟ್ಟಿದ್ದಾರೆ. ಆದ್ರೆ ಎಕ್ಸಿಬಿಷನಿಗೆ ಹಾಳೆ ಹೋಯ್ತು. ಅಂಚುಪಟ್ಟಿಯನ್ನ ಗುರುವಪ್ಪ ಈ ಸಲ ಅಗಲಕ್ಕೆ ಕೊಯ್ದರು, ಪೆನ್ಸಿಲಿನ ಎರಡೂ ಶಬ್ದ ಹೊರಗೆ ಕಾಣೋ ಹಾಗೆ. ಪಕ್ಕದಲ್ಲಿ ಒಂದು ಚೀಟಿ. ಉಮಕ್ಕನೇ ಬರೆದದ್ದು, ದಿಶಾ ಅದರ ಮರಾಠಿ ಮಾಡಿ ಕೆಳಗೆ ಹಾಕಿದ್ಳು:

"ಬಲಗಡೆಯ ಕೆಂಪು ಹೂವನ್ನು ಕೆಟ್ಟ ಬಣ್ಣ ಅಂತ ತಿಳಿದು ನಾನು ಹಳದಿಯಿಂದ ಮುಚ್ಚಿದ್ದೆ. ಅದು ಸಂಜೆಯ ಹೂವು. ತೆಗೆದಿದ್ದೇನೆ. ಒಂದು ದಳದ ಅಂಚಲ್ಲಿ ಉಳಿದ ಹಳದಿ ನನ್ನದು, ಚಿತ್ರ ಬರೆದವರದ್ದಲ್ಲ. ಉಮಾವತಿ, ಡೊಂಬಿವಲಿ."

ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಹಾಳೆ ಆ ಕೈಯಿಂದ ದಾಟಿ ಹೋಗಿದೆ, ಯಾವುದಕ್ಕೂ ಅವರ ಹೆಸರಿಲ್ಲ. ಮೊದಲ ಸಲ ಹೆಸರು ಬರೆದದ್ದು ಇದಕ್ಕೆ. ನೋಡ್ಲಿಕ್ಕೆ ಬಂದವರು ಮೊದಲು ಚೀಟಿ ಓದ್ತಿದ್ರು, ಆಮೇಲೆ ಮೂಗು ಗಾಜಿಗೆ ತಾಗೋವಷ್ಟು ಬಗ್ಗಿ ಆ ಹಳದಿ ಚುಕ್ಕೆ ಹುಡುಕ್ತಿದ್ರು. ಹುಡುಕುವಾಗ ಕೆಂಪು ಹೂವನ್ನೂ, "ಸಾಯಂಕಾಲಕ್ಕೆ" ಅನ್ನೋದನ್ನೂ ಸರಿಯಾಗಿ ನೋಡ್ಲೇಬೇಕಾಗ್ತಿತ್ತು. ಉಮಕ್ಕ ಮೂಲೆಯಲ್ಲಿ ನಿಂತು ಇದನ್ನೆಲ್ಲ ನೋಡಿದ್ರು.

ಈಗ ಅವರು ಬುಧವಾರ ಬುಧವಾರ ಮೂರೂವರೆಗೇ ಅಂಗಡಿ ಬಿಡ್ತಾರೆ. ಗುರುವಪ್ಪ ಎಲ್ಲಿಗೆ ಅಂತ ಕೇಳೂದಿಲ್ಲ. ನೀವು ಒಂದು ಬುಧವಾರ ಬಿಡುವು ಮಾಡ್ಕೊಂಡು ಠಾಣೆಯಲ್ಲಿ ಈಸ್ಟಿಗೆ ಇಳೀರಿ, ಕೋಪರಿಯಲ್ಲಿ ಖಾಡಿ ಕಡೆ ನಡೀರಿ, ಹಳದಿ ಹೂವಿನ ಮರ ಯಾವುದು ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ. ಐದು ಗಂಟೆ ಹೊತ್ತಿಗೆ ಅದು ಹಳದಿ ಇರೂದಿಲ್ಲ. ಕೆಳಗೆ ಕಟ್ಟೆ ಮೇಲೆ, ಮಡಿಲಲ್ಲಿ ಕಾಗದ, ಪೆನ್ಸಿಲ್ ಇಟ್ಕೊಂಡು, ಒಬ್ರು ತಲೆ ಎತ್ತಿ ನೋಡ್ತಾ ಕೂತಿರ್ತಾರೆ. ಅವರೇ. ಹೋಗಿ, ಪಕ್ಕದಲ್ಲಿ ಕೂತು ಮಾತಾಡ್ಸಿ.