ಟೆಂಟಿನ ತುಂಬ ಕಡ್ಡಿ ಗೀರಿದಾಗ

1978ರಲ್ಲಿ ನಾನು ಹಾನಗಲ್ಲಿನ ಒಂದು ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಟಾಕೀಸು ಅಂದರೆ ದೊಡ್ಡ ಡೇರೆ, ಸುತ್ತ ಬಿದಿರಿನ ತಟ್ಟಿ, ಹಿಂದೆ ನನ್ನ ತಗಡಿನ ಕ್ಯಾಬಿನ್. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು. ಆಗ ಯಾರೂ ಏಳುತ್ತಿರಲಿಲ್ಲ, ಸಿಳ್ಳೆ ಹೊಡೆಯುತ್ತ ಕೂತಿರುತ್ತಿದ್ದರು. ‘ವಿಶ್ರಾಂತಿ’ ಎಂಬ ಗಾಜಿನ ಸ್ಲೈಡು ಬಿದ್ದು, ಗ್ರಾಮಾಫೋನ್ ಹಾಡು ಶುರುವಾದರೆ ಮಾತ್ರ ಜನ ಚಹಾಕ್ಕೆ, ಖಾರ-ಚುರುಮುರಿಗೆ ಹೊರಗೆ ಹೋಗುತ್ತಿದ್ದರು.

ಆ ವರ್ಷ ಬಂದ ಒಂದು ಹಿಂದಿ ಗ್ಯಾಂಗ್‌ಸ್ಟರ್ ಸಿನಿಮಾ ಊರಿಗೇ ಹುಚ್ಚು ಹಿಡಿಸಿತು. ಭಾಷೆ ಅರ್ಧ ಜನರಿಗೆ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ಬಿಳಿ ಕೋಟು, ಕಪ್ಪು ಕನ್ನಡಕದ ಕಳ್ಳಸಾಗಣೆದಾರ ಕಾರಿನಿಂದ ಇಳಿದು, ಕಾಲೆತ್ತಿ, ಬೂಟಿನ ಅಟ್ಟೆಗೆ ಕಡ್ಡಿ ಗೀರಿ ಸಿಗರೇಟು ಹೊತ್ತಿಸುತ್ತಾನೆ. ಅಷ್ಟೇ! ದರ್ಜಿಗಳ ಹತ್ತಿರ ಅಗಲ ಕಾಲರಿನ ಅಂಗಿಗೆ ಪಾಳಿ ಹತ್ತಿತು. ದಲಾಲರ ಅಡತಿ ಅಂಗಡಿಯ ಹಮಾಲರೂ ಬೀಡಿಯನ್ನು ತುಟಿಯ ಮೂಲೆಗೆ ಸರಿಸಿ ಮಾತಾಡತೊಡಗಿದರು. ಟೆಂಟಿನಲ್ಲಂತೂ ಪರದೆಯ ಮೇಲಿನ ಆ ಹೀರೋನ ಜೊತೆಗೇ ಗಂಡಸರೆಲ್ಲ ಕಡ್ಡಿ ಗೀರಿ ಮೇಲೆತ್ತುವ ಪದ್ಧತಿಯೇ ಬಿತ್ತು. ಚಂದ ಕಾಣುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ಕ್ಯಾಬಿನ್ನಿನ ಕಿಂಡಿಯಿಂದ ನೋಡುವಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತಿತ್ತು.

ಒಂದು ದಿನ ಅಡ್ಡಮಳೆ ಬಂದು ನೆಲ ಹಸಿಯಾಯಿತು. ಟೆಂಟಿನ ಸಾಹುಕಾರರು ಹೆಂಗಸರ ಕಡೆ ಕಬ್ಬಿನ ರವದಿ, ಅಂದರೆ ಒಣಗರಿ, ಹಾಸಿಸಿದರು. ಅಂದೇ ಮೊದಲ ಆಟಕ್ಕೆ ನನ್ನ ಹೆಂಡತಿ ಗಂಗವ್ವ ಹೊರಟಳು. ಏಳು ತಿಂಗಳ ಬಸುರಿ. ಬೇಡ ಎಂದರೆ ಕೇಳಿಯಾಳೇ? “ಊರಾಗಿನವರೆಲ್ಲಾ ನೋಡ್ಯಾರ, ಆಪರೇಟರ್ ಹೇಂತಿ ನಾನಷ್ಟ ನೋಡಿಲ್ಲ. ನಗ್ತಾರ್ರೀ ಮಂದಿ!” ಎಂದು ನನ್ನ ಬಾಯಿ ಮುಚ್ಚಿಸಿದಳು.

ಆ ದೃಶ್ಯ ಬಂತು. ಕಡ್ಡಿಗಳು ಹೊತ್ತಿದವು, ಆರಿದವು. ಕತ್ತಲಾದ ಮೇಲೆ ನೋಡುತ್ತೇನೆ, ಗಂಡಸರಿಗೂ ಹೆಂಗಸರಿಗೂ ನಡುವಿನ ಅಡ್ಡತಟ್ಟಿಯ ಬುಡದಲ್ಲಿ ಒಂದು ಕೆಂಪು ಗೆರೆ. ಯಾರೋ ಎಸೆದ ಕಡ್ಡಿಗೆ ರವದಿ ಒಳಗೊಳಗೇ ಹೊತ್ತಿಕೊಳ್ಳುತ್ತಿತ್ತು. ಗಂಗವ್ವ ಅದಕ್ಕೆ ಬೆನ್ನು ತಾಗುವಷ್ಟು ಹತ್ತಿರ ಕೂತಿದ್ದಳು. ಟೆಂಟಿನ ತುಂಬ ಬೀಡಿ ಹೊಗೆಯೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

‘ಬೆಂಕಿ’ ಎಂದು ಕೂಗಿದರೆ ಇಕ್ಕಟ್ಟಿನ ಬಾಗಿಲಿಗೆ ಎಲ್ಲರೂ ನುಗ್ಗುತ್ತಾರೆ, ಬಸುರಿ ಕಾಲ್ತುಳಿತಕ್ಕೆ ಸಿಗುತ್ತಾಳೆ. ಕೂಗದಿದ್ದರೆ ಸುಟ್ಟುಹೋಗುತ್ತಾಳೆ. ಪ್ರೊಜೆಕ್ಟರ್ ನಿಲ್ಲಿಸಿ ‘ವಿಶ್ರಾಂತಿ’ ಸ್ಲೈಡು ಹಾಕಿದೆ. ದೀಪ ಹಾಕಿ ಹಾಡು ಹಚ್ಚಿದೆ.

“ಏ ಆಪರೇಟರಾ, ಈಗರ ಬಂದಾನ ಹೀರೋ! ನಿದ್ದಿಗಣ್ಣಾಗ ಅದೀಯೇನು?” ಎಂದು ಗಂಡಸರು ಬೈದರು. ಬೈಯುತ್ತಲೇ ಎದ್ದರು, ಹೆಂಗಸರೂ ಸೆರಗು ಕೊಡವಿಕೊಂಡು ನಿಧಾನಕ್ಕೆ ಹೊರನಡೆದರು. ನಾನೂ ಗೇಟ್‌ಕೀಪರ್ ಇಮಾಮಸಾಬನೂ ಉಸುಕಿನ ಬಕೆಟ್ಟು ಹಿಡಿದು ಓಡುವಷ್ಟರಲ್ಲಿ ಉರಿ ಮೊಳಕಾಲೆತ್ತರ ಎದ್ದಿತ್ತು. ಸುರಿದೆವು, ತುಳಿದೆವು, ಆರಿತು. ಹೊರಗೆ ಗಂಗವ್ವ ಖಾರ ತಿನ್ನುತ್ತ ನಿಂತಿದ್ದಳು. “ಇಷ್ಟ ಲಗೂ ಯಾಕ ಬಿಟ್ರೀ?” ಎಂದಳು.

ಸಾಹುಕಾರರು ಸುಟ್ಟ ಜಾಗದ ಮೇಲೆ ಹೊಸ ರವದಿ ಹಾಕಿಸಿದರು. “ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ. ಲೈಸೆನ್ಸ್ ಹೋದ್ರ ಎಲ್ಲಾರ ಹೊಟ್ಟಿಗೂ ತಣ್ಣೀರ ಬಟ್ಟಿನ,” ಎಂದರು. ನಾವು ಸುಮ್ಮನಾದೆವು.

ಮರುದಿನ ಅದೇ ದೃಶ್ಯಕ್ಕೆ ಟೆಂಟಿನ ತುಂಬ ಮತ್ತೆ ಕಡ್ಡಿಗಳು ಹೊತ್ತಿದವು. ಏಕೆ ಹೊತ್ತಬಾರದು? ಅವರ ಪಾಲಿಗೆ ನಿನ್ನೆ ಏನೂ ಆಗಿರಲೇ ಇಲ್ಲವಲ್ಲ! ಆ ಗಳಿಗೆ ನಾನು ಹಿಂದಿನ ದಿನಕ್ಕಿಂತ ಹೆಚ್ಚು ಅಂಜಿದೆ. ಆಟ ನಿಲ್ಲಿಸಿ, ದೀಪ ಹಾಕಿ, ಪರದೆಯ ಮುಂದೆ ಹೋಗಿ ನಿಂತೆ. “ಏ ಹುಚ್ಚಾ, ಒಳಗ ನಡಿ!” ಎಂದು ಸಾಹುಕಾರರು ಒದರಿದರು.

“ನಿನ್ನಿ ಯಾರೋ ಒಗದ ಕಡ್ಡಿಲೆ ಇಲ್ಲಿ ಬೆಂಕಿ ಹತ್ತಿತ್ತು,” ಎಂದೆ. “ನನ್ನ ಬಸುರಿ ಹೇಂತಿ ಆ ತಟ್ಟಿ ಬಾಜೂಕ ಕುಂತಿದ್ಲು. ಇವತ್ತ ನಿಮ್ಮವರು ಕುಂತಾರ. ಹೊಳ್ಳಿ ನೋಡ್ರಿ.”

ಗಂಡಸರೆಲ್ಲ ಹೆಂಗಸರ ಕಡೆ ತಿರುಗಿದರು. ಒಬ್ಬ ಹಮಾಲ ತುಟಿಯ ಬೀಡಿ ತೆಗೆದು ನೆಲಕ್ಕೆ ಹೊಸಕಿದ. ಅವನ ಮಗ್ಗುಲಿನವನೂ ಹೊಸಕಿದ.

ಆ ಕೆಲಸ ಹೋಯಿತು, ಹೋಗಲಿ. ಆದರೆ ಅದು ಕಲಿಸಿದ್ದನ್ನು ಮುಂದೆ ದುಡಿದ ಪ್ರತಿ ಟಾಕೀಸಿನಲ್ಲೂ ಪಾಲಿಸಿದೆ. ಆಪತ್ತಿನ ಹೊತ್ತಿನಲ್ಲಿ ಅಂಜಿಕೆಯನ್ನು ನಾವೇ ನುಂಗಿ ಜನರನ್ನು ಪಾರು ಮಾಡಬೇಕು. ಪಾರಾದ ಮೇಲೆ ನಡೆದದ್ದನ್ನು ಹೇಳಿ, ಆ ಅಂಜಿಕೆಯಲ್ಲಿ ಅವರ ಪಾಲನ್ನು ಅವರಿಗೆ ಕೊಡಲೇಬೇಕು.